ಅನ್ನದ ಜೊತೆಗೆ ಅಕ್ಷರ
ಓದಿಗೆ: ಮತ್ತಾಯ 2:13-15, 25:35

ಹೆರೋದನ ಕೈಯಿಂದ ಮಗುವನ್ನು ಉಳಿಸಲು ಸಂತ ಜೋಸೆಫರು ಮಾತೆ ಮರಿಯಳೊಡನೆ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಬರ್ಮಾದ ಕರೆನ್ ಜನರೂ ಸೈನ್ಯಕ್ಕೆ ಹೆದರಿ ಹೀಗೆಯೇ ಗಡಿ ದಾಟಿದವರು. ಥಾಯ್ಲೆಂಡಿನ ಗಡಿಯಲ್ಲಿರುವ ಒಂಬತ್ತು ಶಿಬಿರಗಳಲ್ಲಿ 1984ರಲ್ಲಿ ಆರಂಭವಾದ ಮೇ ಲಾ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯೇ ಹುಟ್ಟಿ ಪ್ರಾಯಕ್ಕೆ ಬಂದವರು ಅನೇಕರು.

ಶಿಬಿರದ ಶಾಲೆಯಲ್ಲಿ ಕರೆನ್ ಶಿಕ್ಷಕರೇ ಪಾಠ ಹೇಳುತ್ತಾರೆ. ಆದರೆ ಪ್ರೌಢಶಾಲೆ ಮುಗಿಸಿದ ಹುಡುಗಿಗೆ ಮುಂದೆ ದಾರಿಯಿಲ್ಲ. ಅವಳ ಪ್ರಮಾಣಪತ್ರಕ್ಕೆ ಥಾಯ್ ಸರ್ಕಾರದ ಮಾನ್ಯತೆಯಿಲ್ಲ. ಅನುಮತಿಯಿಲ್ಲದೆ ಶಿಬಿರ ಬಿಟ್ಟು ಹೋಗುವಂತೆಯೂ ಇಲ್ಲ. ಇದನ್ನು ಕಂಡು ಆಸ್ಟ್ರೇಲಿಯಾದ ಕಥೋಲಿಕ ವಿಶ್ವವಿದ್ಯಾಲಯವು ಆ ಗಡಿಯಲ್ಲೇ ನಿರಾಶ್ರಿತ ಯುವಜನರಿಗೆ ಡಿಪ್ಲೊಮಾ ತರಗತಿ ನಡೆಸಿತು.

2018ರ ವಲಸಿಗರ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸರು ನಾಲ್ಕು ಕರ್ತವ್ಯಗಳನ್ನು ಹೇಳಿದರು: ಸ್ವಾಗತಿಸುವುದು, ರಕ್ಷಿಸುವುದು, ಬೆಳೆಸುವುದು, ನಮ್ಮೊಳಗೆ ಸೇರಿಸಿಕೊಳ್ಳುವುದು. ಅಕ್ಕಿ, ಸೂರು ಕೊಟ್ಟರೆ ಮೊದಲೆರಡು ಆದವು. ಓದಿಸಿದಾಗಲೇ ಮೂರನೆಯದು ಆರಂಭ. ಪರದೇಶಿಯಲ್ಲಿ ಯೇಸುಸ್ವಾಮಿಯನ್ನು ಕಾಣುವವರು ಆತನ ನಾಳೆಯನ್ನೂ ಕಾಣಬೇಕು.

ಚಿಂತನೆಗೆ: ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಬೇರೆ ಭಾಷೆ ಎಂಬ ಕಷ್ಟ ನಮಗೆ ಗೊತ್ತು. ನಮ್ಮ ಧರ್ಮಕೇಂದ್ರದಲ್ಲಿ ಕಾಗದಪತ್ರವಿಲ್ಲದೆ ಓದು ನಿಂತುಹೋದ ಕೂಲಿಕಾರರ ಮಕ್ಕಳಿದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?