ಹಿತ್ತಲಲ್ಲಿ ಸ್ವಲ್ಪ ಕೈ ಕಟ್ಟಿ ನಿಲ್ಲು

ನೀನು ಕಳಿಸಿದ ಫೋಟೊ ನೋಡಿದೆ, ಮಗಳೇ. ಬದನೆ ಎಲೆಗಳ ಅಂಚೆಲ್ಲ ಸುಟ್ಟಂತಾಗಿದೆ. ಏನು ಹಾಕಲಿ ಮಾವ ಎಂದು ಕೇಳಿದ್ದೀಯ. ಏನೂ ಹಾಕಬೇಡ. ಹಾಕಿದ್ದೇ ಜಾಸ್ತಿಯಾಗಿದೆ.

ಹಸಿ ಸಗಣಿ ತಂದು ಬುಡಕ್ಕೆ ಒತ್ತಿದೆಯಂತೆ, ಅದರ ಮೇಲೆ ನೀರು ಬೆರೆಸದ ಗಂಜಲ. ಸಾವಯವ ಎಂದ ಮಾತ್ರಕ್ಕೆ ಗಿಡ ಸುಡುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಗಂಜಲಕ್ಕೆ ಹತ್ತರಷ್ಟು ನೀರು ಬೇಕು. ಸಗಣಿ ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕಳಿತು, ಕಪ್ಪಾಗಿ, ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರಬೇಕು. ಅರೆ ಕಳಿತ ಗೊಬ್ಬರ ಹಾಕಿದರೆ ಅದರ ಜೊತೆ ಗೊಣ್ಣೆಹುಳವನ್ನೂ ಹಿತ್ತಲಿಗೆ ಕರೆದಂತೆ.

ಇನ್ನು ಆ ಜೀವಾಮೃತದ ಡ್ರಮ್ಮು. ಸುಭಾಷ್ ಪಾಳೇಕರ್ ಹೇಳಿಕೊಟ್ಟ ಲೆಕ್ಕ ಇದು: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇಷ್ಟೂ ಒಂದು ಎಕರೆಗೆ. ಎಕರೆ ಎಂದರೆ 40 ಗುಂಟೆ, ಗುಂಟೆಗೆ 5 ಲೀಟರ್ ಬಂತು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ನಿನ್ನ ಹಿತ್ತಲು ಹೆಚ್ಚೆಂದರೆ ಕಾಲು ಗುಂಟೆ. ಒಂದೂಕಾಲು ಲೀಟರ್ ಸಾಕಾಗಿತ್ತು. ನೀನು ಅರ್ಧ ಡ್ರಮ್ ಸುರಿದೆ!

ಬೈಯುತ್ತಿಲ್ಲ. ನಾನೂ ಹೀಗೇ ಕೈ ಸುಟ್ಟುಕೊಂಡವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆ ಮನೆಯ ಹಿಂದೆ ನಾಟಿ ಅವರೆ ಹಾಕಿದ್ದೆ, ಫಾಲ್ಗುಣ ಮಾಸದಲ್ಲಿ. ಬಳ್ಳಿ ಚಪ್ಪರ ದಾಟಿ ಹೆಂಚಿಗೆ ಹತ್ತಿತು. ನೀರು ಬಿಟ್ಟೆ, ಗೊಬ್ಬರ ಕೊಟ್ಟೆ, ಯಾರೋ ಹೇಳಿದರೆಂದು ಕುಡಿ ಚಿವುಟಿದೆ. ಹೂ ಮಾತ್ರ ಇಲ್ಲ. ಆಷಾಢದ ಹೊತ್ತಿಗೆ ರೇಗಿ ಕಿತ್ತು ಪಕ್ಕದ ಮನೆಯ ಹಸುವಿಗೆ ಹಾಕಿದೆ. ಹಸುವಿನ ಒಡತಿ ಅಜ್ಜಿ ಮೇವನ್ನೇನೋ ಇಸಿದುಕೊಂಡಳು, ಆದರೆ ನಕ್ಕಿದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. 'ಅವರೆ ಚಳಿ ಕೇಳ್ತದೆ ಕಣಪ್ಪ, ನೀನು ಕೊಟ್ಟಿದ್ದು ನೀರು' ಅಂದಳು.

ಅವಳು ಚಳಿ ಅಂದದ್ದನ್ನು ಕೃಷಿ ವಿಜ್ಞಾನಿಗಳು ಹಗಲಿನ ಉದ್ದ ಎನ್ನುತ್ತಾರೆ. ಹಗಲು ಕಿರಿದಾಗುತ್ತಾ ಬಂದರೆ ಮಾತ್ರ ನಾಟಿ ಅವರೆ ಹೂ ಬಿಡುತ್ತದೆ. ಬೇಸಿಗೆಗೆ ಮುಂಚೆ ಬಿತ್ತಿದರೂ ಮುಂಗಾರಿನಲ್ಲಿ ಬಿತ್ತಿದರೂ ಅದು ಕಾಯುವುದು ಅದೇ ದಿನಗಳಿಗೆ. ರಾಗಿ ಹೊಲದ ಅಕ್ಕಡಿ ಸಾಲಿಗೆ ನಮ್ಮ ಹಿರಿಯರು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದುದೂ ಈ ಲೆಕ್ಕದಲ್ಲೇ: ರಾಗಿ ಕೊಯ್ದಾದ ಮೇಲೆ ಹೊಲವೆಲ್ಲ ಅವರೆಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂದು ವರ್ಷವಿಡೀ ಕಾಯಿ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ. ಬೇಕಾದರೆ ಅದನ್ನೂ ಹಾಕು, ತಪ್ಪಿಲ್ಲ. ಸೊಗಡಿನ ವಿಷಯಕ್ಕೆ ಬಂದರೆ ನಾನು ಹಳಬ, ಚಳಿಯ ಅವರೆಯ ಪಕ್ಷ.

ಕೈ ಕಟ್ಟಿ ನಿಲ್ಲು ಎಂದರೆ ಬಿಟ್ಟುಹಾಕು ಎಂದು ತಿಳಿದುಬಿಟ್ಟೀಯ. ಏನೂ ಮಾಡದ ಬೇಸಾಯದ ಮಾತಾಡಿದ ಜಪಾನಿನ ಫುಕುವೊಕಾ ಮೊದಲು ಅಪ್ಪನ ಕಿತ್ತಳೆ ತೋಟದಲ್ಲಿ ಗೆಲ್ಲು ಸವರುವುದನ್ನು ನಿಲ್ಲಿಸಿ ನೂರಾರು ಮರ ಕಳೆದುಕೊಂಡ. ಹುಟ್ಟಿದಾಗಿನಿಂದ ಸವರಿ ಬೆಳೆಸಿದ ಮರವನ್ನು ಒಮ್ಮೆಲೇ ಬಿಟ್ಟರೆ ಕೊಂಬೆಗೆ ಕೊಂಬೆ ಹೆಣೆದುಕೊಂಡು, ಹುಳ ಬಿದ್ದು ಸಾಯುತ್ತದೆ ಎಂದು ಅವನೇ ಬರೆದುಕೊಂಡಿದ್ದಾನೆ. ಎಲ್ಲಿ ಕೈ ಹಾಕಬೇಕು, ಎಲ್ಲಿ ತೆಗೆಯಬೇಕು ಎಂದು ತಿಳಿಯಲು ದಿನಾ ಬೆಳಿಗ್ಗೆ ಹತ್ತು ನಿಮಿಷ ಬರಿಗೈಯಲ್ಲಿ ಹಿತ್ತಲು ಸುತ್ತು. ಪಂಪು, ಕತ್ತರಿ ಒಳಗಿರಲಿ.

ಹಾಗೆ ಸುತ್ತಿದರೆ ಕೆಲವು ಕಾಣುತ್ತವೆ. ಅವರೆ ಕುಡಿಗೆ ಕರಿ ಹೇನು ಮುತ್ತಿದ ಕಡೆ, ಪುಟ್ಟ ಮೊಸಳೆಯಂಥ ಕಪ್ಪು ಹುಳವೊಂದು ಓಡಾಡುತ್ತಿರುತ್ತದೆ. ಅದನ್ನು ಹೊಸಕಬೇಡ, ಅದು ಗುಲಗಂಜಿ ಹುಳದ ಮರಿ, ಹೇನೇ ಅದರ ಊಟ. ಬೇವಿನೆಣ್ಣೆ ಹೊಡೆದರೆ ಅದಕ್ಕೂ ತೊಂದರೆ. ಹೇನು ಮಿತಿಮೀರಿದರೆ ಮಾತ್ರ ಲೀಟರಿಗೆ 5 ಮಿ.ಲೀ. ಎಣ್ಣೆ, ಚೂರು ಸೋಪಿನ ನೀರು, ಅದೂ ಸಂಜೆ. ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತದೆ. ಕುಂಬಳದಲ್ಲಿ ಮೊದಲು ಬರುವುದೆಲ್ಲ ಗಂಡು ಹೂ. ಉದುರಿತು ಅಂತ ಗಾಬರಿಯಾಗಬೇಡ. ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಹಿಂದೆಯೇ ಬರುತ್ತದೆ. ಸುತ್ತ ಜೇನಿಲ್ಲದಿದ್ದರೆ ಬೆಳಿಗ್ಗೆ ಬೇಗನೆ ಒಂದು ಗಂಡು ಹೂ ಕಿತ್ತು ಹೆಣ್ಣಿಗೆ ಮುಟ್ಟಿಸು. ಸೋರೆಯದು ಬೇರೆ ಪಾಳಿ, ಅದರ ಬಿಳಿ ಹೂ ಅರಳುವುದೇ ಸಂಜೆ.

ಬದನೆ ಸಾಲಿನ ಪಕ್ಕದ ಜಾಗ, ಮನೆ ಕಟ್ಟಿದಾಗಿನ ಸಿಮೆಂಟು ಜಲ್ಲಿ ಸೇರಿದ ಮಣ್ಣಲ್ಲವೇ? ಈ ವರ್ಷ ಅಲ್ಲಿ ತರಕಾರಿ ಕೇಳಬೇಡ. ಜಲ್ಲಿ ಆಯ್ದು ತೆಗೆದು, ಮಳೆ ಹಿಡಿಯುತ್ತಿದ್ದ ಹಾಗೆ ಸೆಣಬು ಚೆಲ್ಲು. ನಲವತ್ತೈದು ದಿನಕ್ಕೆ ಹೂ ಕಾಣುವಾಗ ಕೊಚ್ಚಿ ಮಣ್ಣಿಗೆ ಸೇರಿಸಿ, ಮೇಲೆ ಒಣ ಎಲೆ ಹೊದಿಸು. ಬೀದಿಯಲ್ಲಿ ಗುಡಿಸಿ ಬೆಂಕಿಯಿಡುತ್ತಾರಲ್ಲ, ಆ ಹೊಂಗೆ ಎಲೆಯನ್ನು ಪೊರಕೆಯವರ ಹತ್ತಿರ ಕೇಳಿ ಇಸಿದುಕೋ.

ಸುಟ್ಟ ಬದನೆಗೆ ಎರಡು ದಿನ ಬರೀ ನೀರು ಬಿಡು, ಆಮೇಲೆ ಬೆರಳಿಟ್ಟು ನೋಡಿ ಒಣಗಿದ್ದರಷ್ಟೇ. ಹೊಸ ಕುಡಿ ಬಂದರೆ ಬದುಕಿತು.

ಅಮ್ಮನ ಕೈಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಕೆಮ್ಮಣ್ಣು ಹಚ್ಚಿ ಒಣಗಿಸಿಟ್ಟ ನಾಟಿ ಅವರೆ, ಹತ್ತು ಕಾಳು. ಪುನರ್ವಸು ಮಳೆ ನೋಡಿಕೊಂಡು ಅಡುಗೆಮನೆ ಕಿಟಕಿಯಾಚೆ ಗುಳಿಗೆ ಎರಡರಂತೆ ಹಾಕು. ದಸರಾ ಬಂತು, ಇನ್ನೂ ಹೂವಿಲ್ಲ ಅಂತ ಫೋನ್ ಮಾಡಬೇಡ. ಕಾರ್ತಿಕ ಕಳೆದ ಮೇಲೆ ಮಾಡು.