ಗೆರೆಯಾಚೆ ನಿಂತವರ ಆಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಿಮ್ಮ ಮನೆಯಲ್ಲಿ ಸಂಜೆಯಾದರೆ ಶಾಲೆಯ ಬಯಲಿಗೆ ಓಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಬರುವ ಕಬಡ್ಡಿ ಹುಚ್ಚಿನ ಮಗನಿರಬಹುದು. 'ಇದರಿಂದ ಎಷ್ಟು ದಿನ ಹೊಟ್ಟೆ ತುಂಬೀತು?' ಎಂದು ನೀವು ಕೇಳಿರಲೂಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಬಡ್ಡಿಯವನ ಮಂಡಿ, ಭುಜ ಬಹುಕಾಲ ಬಾಳುವುದಿಲ್ಲ. ಆಟ ನಿಂತ ಮೇಲೆ ಬದುಕೇನು?

ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಅವರನ್ನೇ ನೋಡಿ. ಭಾರತ ತಂಡದಲ್ಲಿ ಆಡಿ, 2001ರ ಅರ್ಜುನ ಪ್ರಶಸ್ತಿ ಪಡೆದವರು. ಮೈದಾನ ಬಿಟ್ಟ ಮೇಲೆ ತರಬೇತುದಾರರಾದರು. ಆಟಗಾರನಿಗೆ ಇದು ಸುಲಭದ ಬದಲಾವಣೆಯಲ್ಲ. ಎದುರಾಳಿಯ ಕಾಲು ಹಿಡಿಯುವ ಗಳಿಗೆ ಕಣ್ಣಿಗೆ ಕಾಣುತ್ತದೆ, ಆದರೆ ಹಿಡಿಯಬೇಕಾದ ಕೈ ಇನ್ನೊಬ್ಬನದು! ಮೂವತ್ತು ಸೆಕೆಂಡಿನ ರೈಡ್ ಮುಗಿಯುವವರೆಗೆ ಗೆರೆಯಾಚೆ ನಿಂತು ತಾಳ್ಮೆಯಿಂದ ನೋಡಬೇಕು.

2018-19ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗ ರಮೇಶ್ ಅದರ ತರಬೇತಿ ಬಳಗದಲ್ಲಿದ್ದರು. ಮುಂದೆ ಬೆಂಗಾಲ್ ವಾರಿಯರ್ಸ್‌ನ ಹೊಣೆ ಹೊತ್ತರು. 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ದೆಹಲಿಯೊಡನೆ ಅಂತಿಮ ಪಂದ್ಯ. ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಹೊರಗೆ. ಮೊದಲಿಗೆ ತಂಡ ಹಿಂದೆಯೂ ಬಿತ್ತು. ಆದರೂ ಇರಾನಿನ ನಬಿಬಕ್ಷ್ ನಾಯಕತ್ವದಲ್ಲಿ ಉಳಿದವರು 39-34ರಿಂದ ಗೆದ್ದರು. ಒಬ್ಬನನ್ನೇ ನಂಬಿ ಕಟ್ಟಿದ ತಂಡವಾಗಿದ್ದರೆ ಆ ಸಂಜೆ ಕುಸಿಯುತ್ತಿತ್ತು. ತರಬೇತುದಾರನ ಕೆಲಸ ಕಾಣುವುದು ಇಂಥಲ್ಲೇ ಎಂದು ನನ್ನ ಅನಿಸಿಕೆ.

ಸೋಲೂ ಬಂತು. 2022ರ ಡಿಸೆಂಬರಿನಲ್ಲಿ ಅವರ ಪುಣೇರಿ ಪಲ್ಟನ್ ಅಂತಿಮ ಪಂದ್ಯದಲ್ಲಿ ಜೈಪುರಕ್ಕೆ 29-33ರಿಂದ ಸೋತಿತು. ಕಾಯಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕಾಯುವ ನಿಮಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ. ಅದೇ ಪುಣೇರಿ ತಂಡ, ಎಳೆಯ ನಾಯಕ ಅಸ್ಲಂ ಇನಾಂದಾರ್‌ನೊಡನೆ, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28-25ರಿಂದ ಮಣಿಸಿ ಮೊದಲ ಬಾರಿಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು.

ಹಾಗೆಂದು ಆಡುವ ಹುಡುಗರೆಲ್ಲ ರಮೇಶ್ ಆಗುವುದಿಲ್ಲ. ಪ್ರೊ ಕಬಡ್ಡಿಯ ತಂಡಗಳು ಹನ್ನೆರಡೇ. ಆದ್ದರಿಂದ ಮಗನ ಓದು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ. ಓದಿನ ಜೊತೆ ಆಟ ಬಲ್ಲವನಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂಥ ಕಡೆ ತರಬೇತುದಾರರ ಡಿಪ್ಲೊಮಾ ಇದೆ, ಶಾಲೆಯ ದೈಹಿಕ ಶಿಕ್ಷಕನ ದಾರಿಯಿದೆ. ಮಂಡಿಗೆ ಪೆಟ್ಟು ಬಿದ್ದ ದಿನ 'ಆಗಲೇ ಹೇಳಿರಲಿಲ್ಲವೇ?' ಎಂದು ಮಾತ್ರ ಚುಚ್ಚಬೇಡಿ. ತಮ್ಮಂದಿರ ಆಟ ನೋಡಿ ತಿದ್ದಲು ಅವನನ್ನು ಬಯಲಿಗೆ ಕಳಿಸಿ. ಕುಂಟುತ್ತಲೇ ಹೋಗಲಿ.

ಅಂದಹಾಗೆ, ರಮೇಶ್ 2025ರಲ್ಲಿ ಮತ್ತೆ ಬೆಂಗಳೂರು ಬುಲ್ಸ್‌ಗೆ ಬಂದರು, ಈ ಬಾರಿ ಮುಖ್ಯ ತರಬೇತುದಾರರಾಗಿ.