ಹಾಸಿಗೆಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳಿ

ಸಗಟು ಪೇಟೆಯಲ್ಲಿ ಫೋಮ್ ಮಾರಾಟವಾಗುವುದು ಕಿಲೋ ಲೆಕ್ಕದಲ್ಲಿ. ಅದೇ ಫೋಮಿಗೆ ಬಟ್ಟೆ ಹೊಲಿದು, ಹೆಸರಿಟ್ಟು, ಹಾಸಿಗೆ ಮಾಡಿ ನಮ್ಮ ಮುಂದೆ ಹರಡಿದಾಗ ಲೆಕ್ಕ ಇಂಚಿಗೆ ತಿರುಗಿರುತ್ತದೆ. ಆರಿಂಚು, ಎಂಟಿಂಚು, ಹತ್ತಿಂಚು ಎನ್ನುತ್ತಾರೆಯೇ ಹೊರತು ತೂಕದ ಮಾತೇ ಇಲ್ಲ. ಬೆನ್ನನ್ನು ವರ್ಷಗಟ್ಟಲೆ ಹೊರುವುದು ಆ ತೂಕವೇ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಹಾಸಿಗೆ ಹುಡುಕುತ್ತ ಅಲೆದಾಗ ನನಗೆ ಸಿಕ್ಕಿದ ಬೆಲೆಬಾಳುವ ಮಾಹಿತಿ ಇದು. ಈ ವಾರದ ಅಂಕಣವನ್ನು ಇದಕ್ಕೇ ಇಟ್ಟಿದ್ದೇನೆ.

ಮೊದಲು ನೋವಿನ ವಿಚಾರ. ಬೆಳಿಗ್ಗೆ ಏಳುವಾಗ ನನ್ನ ಸೊಂಟ ಹಿಡಿದುಕೊಂಡಿರುತ್ತಿತ್ತು. ಮಗ್ಗುಲಾಗಿ, ಮೊಣಕೈ ಊರಿ, ಆಮೇಲೆ ಏಳಬೇಕು. ಚಹಾ ಮಾಡಿ ಡಬ್ಬಿ ಕಟ್ಟುವಷ್ಟರಲ್ಲಿ ಸಡಿಲವಾಗುತ್ತಿತ್ತು. ಫಿಸಿಯೋಥೆರಪಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ‘ಊರಿಗೆ ಹೋದಾಗ, ಬೇರೆ ಕಡೆ ಮಲಗಿದಾಗ ಹೇಗಿರುತ್ತದೆ?’ ಊರಲ್ಲಿ ನೋವು ಇರುತ್ತಿರಲಿಲ್ಲ. ಎದ್ದಾಗ ಜಾಸ್ತಿ ಇದ್ದು ಓಡಾಡಿದಂತೆ ಇಳಿಯುವ ನೋವು, ಜಾಗ ಬದಲಾದರೆ ಮಾಯವಾಗುವ ನೋವು ಇದ್ದರೆ ಹಾಸಿಗೆಯ ಮೇಲೆ ಅನುಮಾನ ಪಡಬಹುದು ಎಂದರು. ದಿನವಿಡೀ ಕೂತು ಸಂಜೆಗೆ ಏರುವ ನೋವಾದರೆ ಎಷ್ಟು ದುಡ್ಡಿನ ಹಾಸಿಗೆ ತಂದರೂ ಅಷ್ಟಕ್ಕಷ್ಟೆ. ಕಾಲಿಗೆ ಜೋಮು ಇಳಿದರೆ, ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂಗಡಿಗಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಸೊಂಟನೋವು 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಕಾಡುತ್ತಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ದೊಡ್ಡ ಕಾಯಿಲೆಯ ಸುತ್ತ ಅಷ್ಟೇ ದೊಡ್ಡ ವ್ಯಾಪಾರ ಬೆಳೆದಿದೆ. ಹಾಸಿಗೆಯ ಮೇಲೆ ‘ಆರ್ಥೋಪೆಡಿಕ್’ ಎಂದು ಬರೆದಿದ್ದರೆ ಅದನ್ನು ಯಾವ ಡಾಕ್ಟರೂ ನಿಮ್ಮ ಬೆನ್ನು ನೋಡಿ ಬರೆದದ್ದಲ್ಲ ಎಂಬುದನ್ನು ನೆನಪಿಡಿ.

ಮನೆಯಲ್ಲಿ ಹಾಸಿಗೆಯ ಮಾತೆತ್ತಿದಾಗ ಮಾವ ಹೇಳಿದ್ದು, ‘ನೆಲದ ಮೇಲೆ ಚಾಪೆ ಹಾಸಿ ಮಲಗು ಮಗಾ, ಒಂದು ಪೈಸೆ ಖರ್ಚಿಲ್ಲ.’ ಅವರ ಮಾತಿಗೆ ಅನುಭವದ ಬಲವಿದೆ. ದಕ್ಷಿಣ ಕನ್ನಡದಿಂದ ಹುಡುಗನಾಗಿ ಬಂದು ಫೋರ್ಟಿನ ಹೋಟೆಲಿನಲ್ಲಿ ದುಡಿದವರು ಅವರು. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಟೇಬಲ್ ಒರೆಸಿ, ಎರಡು ಟೇಬಲ್ ಜೋಡಿಸಿ, ಅದರ ಮೇಲೇ ಮಲಗುತ್ತಿದ್ದರಂತೆ. ಮುಂಬಯಿಯ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಒಂದು ತಲೆಮಾರು ಮಲಗಿದ್ದೇ ಹಾಗೆ; ರಾತ್ರಿಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿತದ್ದೂ ಆ ದಣಿದ ಮೈಯಲ್ಲೇ. ಆದರೆ ಇಪ್ಪತ್ತರ ಮೈ ತಡೆದುಕೊಂಡದ್ದನ್ನು ನಲವತ್ತೆಂಟರ ಮೈಗೆ ಹೇಳಲಾಗದು. ಗಟ್ಟಿಯಾಗಿದ್ದಷ್ಟೂ ಬೆನ್ನಿಗೆ ಒಳ್ಳೆಯದೇ ಎಂಬುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2003ರಲ್ಲಿ ಬಂದ ಸ್ಪೇನಿನ ಅಧ್ಯಯನವೊಂದರಲ್ಲಿ, ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು. ತಮಗೆ ಯಾವುದು ಬಂದಿದೆ ಎಂದು ಮಲಗುವವರಿಗೆ ತಿಳಿಸಿರಲಿಲ್ಲ. 90 ದಿನಗಳ ಬಳಿಕ ನೋಡಿದರೆ ಮಲಗಿದಾಗಿನ ನೋವು, ಏಳುವಾಗಿನ ನೋವು ಎರಡೂ ಹೆಚ್ಚು ಇಳಿದದ್ದು ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ. ಮಾವನಿಗೆ ಇದನ್ನು ಓದಿ ಹೇಳಿದೆ. ‘ಹಾಗಾದರೆ ಚಾಪೆಯ ಮೇಲೆ ಒಂದು ತೆಳು ಹಾಸಿಗೆ ಹಾಕು’ ಎಂದರು. ಪದರದ ಹಾಸಿಗೆಯ ತತ್ವ ಅವರ ಆ ಒಂದು ಮಾತಿನಲ್ಲೇ ಇತ್ತು.

ಕೆಳಗಿನ ಪದರ ಗಟ್ಟಿಯಾಗಿದ್ದು ಮೈಭಾರ ಹೊರಬೇಕು. ನಡುವಿನದು ಒತ್ತಿದಷ್ಟೇ ಬಲದಿಂದ ಮೇಲಕ್ಕೆ ತಳ್ಳಬೇಕು. ಮೇಲಿನದು ಭುಜ ಮತ್ತು ಸೊಂಟದ ಎಲುಬಿಗೆ ಜಾಗ ಬಿಟ್ಟುಕೊಡಬೇಕು. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಕೆಳಗೆ ರೀಬಾಂಡೆಡ್, ನಡುವೆ ಎಚ್‌ಆರ್ (ಹೈ ರೆಸಿಲಿಯೆನ್ಸ್) ಫೋಮ್, ಮೇಲೆ ಮೆಮೊರಿ ಫೋಮ್ ಅಥವಾ ಲೇಟೆಕ್ಸ್. ರೀಬಾಂಡೆಡ್ ಎಂದರೆ ಫೋಮಿನ ಚೂರುಪಾರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಕತ್ತರಿಸಿದ ಅಂಚಿನಲ್ಲಿ ಬಣ್ಣಬಣ್ಣದ ಚುಕ್ಕೆಗಳು ಕಾಣುತ್ತವೆ. ಕರಾವಳಿಯವರಾದ ನಮಗೆ ಗಟ್ಟಿ ತಳವೆಂದರೆ ತೆಂಗಿನ ನಾರು. ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಮಾಡಿದ ಹಾಸಿಗೆಗೆ ನಮ್ಮ ಮನೆಗಳಲ್ಲಿ ‘ಕರ್ಲಾನ್’ ಎಂದೇ ಹೆಸರು. 1962ರಲ್ಲಿ ಮಣಿಪಾಲದ ಪೈ ಬಳಗ ಕಟ್ಟಿದ ಆ ಕಂಪನಿ 2023ರಲ್ಲಿ ಸ್ಲೀಪ್‌ವೆಲ್ ಬ್ರ್ಯಾಂಡಿನ ಒಡೆಯ ಶೀಲಾ ಫೋಮ್ ಪಾಲಾಯಿತು. ಆ ಸುದ್ದಿ ಓದಿದ ದಿನ ನಮ್ಮ ಕಟ್ಟಡದ ಊರಿನವರೆಲ್ಲ ಅದನ್ನೇ ಮಾತಾಡಿಕೊಂಡರು. ನಾರು ಗಾಳಿಯಾಡುತ್ತದೆ, ಮುಂಬಯಿಯ ಸೆಕೆಗೆ ಒಳ್ಳೆಯದು. ಆದರೆ ವರ್ಷಗಳು ಕಳೆದಂತೆ ಮಲಗುವ ಜಾಗದಲ್ಲಿ ನಾರು ಕುಸಿದರೆ ಮತ್ತೆ ಏಳುವುದಿಲ್ಲ.

ಈಗ ತೂಕಕ್ಕೆ ಬರೋಣ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದೇ ಡೆನ್ಸಿಟಿ. 40 ಡೆನ್ಸಿಟಿ ಎಂದರೆ ಘನ ಮೀಟರಿಗೆ 40 ಕಿಲೋ. ಕ್ವೀನ್ ಅಳತೆಯ ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ. ಅದರಲ್ಲಿ ಒಂದು ಇಂಚು ದಪ್ಪದ 40 ಡೆನ್ಸಿಟಿ ಫೋಮ್ ಹೆಚ್ಚುಕಡಿಮೆ 3 ಕಿಲೋ ಇರಬೇಕು. 32 ಡೆನ್ಸಿಟಿಯಾದರೆ ಎರಡೂವರೆ ಕಿಲೋ. 72 ಇಂಚು ಉದ್ದ, 36 ಇಂಚು ಅಗಲದ ಸಿಂಗಲ್ ಹಾಸಿಗೆಗಾದರೆ 40 ಡೆನ್ಸಿಟಿಯಲ್ಲಿ ಇಂಚಿಗೆ 1.7 ಕಿಲೋ. ಇಷ್ಟು ನೆನಪಿದ್ದರೆ ಸಾಕು. ನಮ್ಮ ಹಳೆಯ ಹಾಸಿಗೆ 18,000 ರೂಪಾಯಿಯದು, ಎಂಟಿಂಚು, ‘40 ಡೆನ್ಸಿಟಿ’ ಎಂದು ಅಂಗಡಿಯವರು ಬಾಯಲ್ಲಿ ಹೇಳಿದ್ದು. ಐದನೆಯ ವರ್ಷಕ್ಕೆ ನಡುವೆ ಕುಳಿ ಬಿದ್ದಿತ್ತು. ಅದನ್ನು ಸುತ್ತಿ, ಹಗ್ಗ ಬಿಗಿದು, ಕೆಳಗಿನ ರದ್ದಿಯವನ ಕೊಕ್ಕೆಯ ತಕ್ಕಡಿಗೆ ತೂಗುಹಾಕಿದೆವು. ಹೇಳಿದ ಮಾತು ನಿಜವಾಗಿದ್ದರೆ 24 ಕಿಲೋ ದಾಟಬೇಕಿತ್ತು. ಮುಳ್ಳು ನಿಂತದ್ದು 16ರಲ್ಲಿ. ಹಾಸಿಗೆ ಬಳಸುವುದರಿಂದ ಫೋಮಿನ ತೂಕ ಅಷ್ಟು ಇಳಿಯುವುದಿಲ್ಲ. ತಂದ ದಿನವೂ ಅದು 26ರ ಆಸುಪಾಸಿನ ಡೆನ್ಸಿಟಿಯದೇ.

ಡೆನ್ಸಿಟಿ ಜಾಸ್ತಿ ಎಂದರೆ ಗಟ್ಟಿ ಎಂದಲ್ಲ. ಅಂಗಡಿಗಳಲ್ಲಿ ಈ ಎರಡನ್ನೂ ಕಲಸಿ ಹೇಳುತ್ತಾರೆ. 40 ಡೆನ್ಸಿಟಿಯಲ್ಲೇ ಮೆತ್ತನೆಯದೂ ಇದೆ, ಗಟ್ಟಿಯದೂ ಇದೆ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಗಟ್ಟಿತನವನ್ನು ಮಲಗಿಯೇ ನೋಡಬೇಕು.

ಇಷ್ಟು ತಿಳಿದುಕೊಂಡು ಉಲ್ಲಾಸನಗರಕ್ಕೆ ಹೋದೆವು. ಪಶ್ಚಿಮದ ಉಪನಗರದವರಿಗೆ ಜೋಗೇಶ್ವರಿ-ಓಶಿವರಾದ ಫರ್ನಿಚರ್ ಬಜಾರ್ ಹತ್ತಿರ, ನಮಗೆ ಕಲ್ಯಾಣ ದಾಟಿದರೆ ಉಲ್ಲಾಸನಗರ. ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆನಿಂತು ಬೆಳೆಸಿದ ಪೇಟೆ ಅದು. ಫೋಮ್ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಹಾಳೆಗಳು, ಬದಿಯಲ್ಲಿ ಕತ್ತರಿಸುವ ಉದ್ದದ ಮೇಜು. ಸೇಠ್ ಕೇಳಿದರು, ‘ಭಾಭೀ, ರೆಡಿಮೇಡ್ ತೋರಿಸಲಾ?’ ನಾನು ಬೇಡ ಎಂದು ಮೂರು ಪದರ ಬೇರೆ ಬೇರೆ ಬೇಕು, ಅಂಟು ಹಚ್ಚಬೇಡಿ, ಒಂದೊಂದನ್ನೂ ತೂಗಿ ಕೊಡಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹುಡುಗನಿಗೆ ಹೇಳಿ ಕಾಂಟಾ ತರಿಸಿದರು. ಆಮೇಲೆ ಮಾತಿನ ಧಾಟಿಯೇ ಬದಲಾಯಿತು. ಕಿಲೋಗೆ ಇಷ್ಟು ಎಂದು ಪ್ರತಿ ಫೋಮಿನ ದರ ಹೇಳಿದರು, ಯಾವುದು ಬೇಗ ಕುಸಿಯುತ್ತದೆ ಎಂಬುದನ್ನೂ ತಾವಾಗಿಯೇ ಹೇಳಿದರು.

ಪದರಗಳನ್ನು ಒಂದರ ಮೇಲೊಂದಿಟ್ಟು ಅಲ್ಲೇ ಮಲಗಿದೆ. ನಾನು ಅಂಗಾತ ಮಲಗಿದಾಗ ನಮ್ಮವರು ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿದರು. ಕೈ ಸರಾಗವಾಗಿ ಆಚೆ ಹೋದರೆ ಹಾಸಿಗೆ ಅತಿ ಗಟ್ಟಿ, ಒಳಗೆ ಹೋಗದೇ ಇದ್ದರೆ ಅತಿ ಮೆತ್ತಗೆ; ತುಸು ಒತ್ತಿ ಹೋಗಬೇಕು. ಮಗ್ಗುಲಾಗಿ ಮಲಗಿದಾಗ ಕತ್ತಿನಿಂದ ಬಾಲದೆಲುಬಿನವರೆಗೆ ಗೆರೆ ನೇರವಾಗಿರಬೇಕು. ಹಿಂದಿನಿಂದ ಫೋಟೊ ತೆಗೆಸಿಕೊಂಡರೆ ಗೊತ್ತಾಗುತ್ತದೆ. ಎರಡು ನಿಮಿಷ ಸಾಲದು, ಕಾಲು ಗಂಟೆಯಾದರೂ ಮಲಗಬೇಕು. ನಾಚಿಕೆ ಪಡಬೇಡಿ, ದುಡ್ಡು ಕೊಡುವವರು ನಾವು. ನನ್ನ ತೂಕ ಐವತ್ತೈದು, ಅವರದು ಎಂಬತ್ತರ ಮೇಲೆ. ಅವರ ಬದಿಯ ನಡುವಿನ ಪದರಕ್ಕೆ ಹೆಚ್ಚು ಗಟ್ಟಿಯ ಎಚ್‌ಆರ್, ನನ್ನ ಬದಿಗೆ ಅಷ್ಟೇ ಡೆನ್ಸಿಟಿಯ ಮೆತ್ತನೆಯದು ಎಂದು ಉದ್ದಕ್ಕೆ ಎರಡು ತುಂಡು ಮಾಡಿಸಿದೆವು. ಇಂಥ ಅನುಕೂಲ ಹೊಲಿದು ಮುಚ್ಚಿದ ಹಾಸಿಗೆಯಲ್ಲಿ ಸಿಗುವುದು ಕಷ್ಟ.

ಬಿಲ್ ಹೀಗಿತ್ತು. ಮೂರು ಇಂಚಿನ ರೀಬಾಂಡೆಡ್, 23 ಕಿಲೋ, 3,300 ರೂಪಾಯಿ. ಎರಡು ಇಂಚಿನ ಎಚ್‌ಆರ್, 6 ಕಿಲೋ ಚಿಲ್ಲರೆ, 2,000. ಒಂದು ಇಂಚಿನ 50 ಡೆನ್ಸಿಟಿಯ ಮೆಮೊರಿ ಫೋಮ್, 1,700. ಮೂರು ಬದಿ ಜಿಪ್ ಇರುವ ಹತ್ತಿಯ ಕವರ್ 1,800, ಟೆಂಪೋ 600. ಒಟ್ಟು 9,400. ಬಿಲ್ ಬೇಡವೆಂದರೆ ಶೇ 18ರ ಜಿಎಸ್‌ಟಿ ಉಳಿಯುತ್ತದೆ ಎಂದು ಇನ್ನೊಂದು ಅಂಗಡಿಯಲ್ಲಿ ಹೇಳಿದ್ದರು. ಬಿಲ್ ಬಿಡಬೇಡಿ; ಡೆನ್ಸಿಟಿ ಮತ್ತು ತೂಕವನ್ನು ಅದರಲ್ಲೇ ಬರೆಸಿಕೊಳ್ಳಿ. ನಾಳೆ ದೂರು ಕೊಡುವ ಪ್ರಸಂಗ ಬಂದರೆ ಕೈಯಲ್ಲಿ ಇರುವುದು ಆ ಕಾಗದವೊಂದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಬೇರೆ ಬೇರೆ ಪದರಗಳ ನಿಜವಾದ ಲಾಭ ಇರುವುದು ಮುಂದಿನ ವರ್ಷಗಳಲ್ಲಿ. ಮೊದಲು ಸೋಲುವುದು ಮೇಲಿನ ಮೆತ್ತನೆಯ ಪದರ. ಒಂದಾಗಿ ಅಂಟಿಸಿದ ಹಾಸಿಗೆಯಲ್ಲಿ ಆ ಒಂದು ಇಂಚು ಸೋತರೆ ಇಡೀ ಹಾಸಿಗೆ ಎಸೆಯಬೇಕು. ನಮ್ಮದರಲ್ಲಿ ಜಿಪ್ ತೆಗೆದು ಆ ಪದರವೊಂದನ್ನು ಬದಲಿಸಿದರೆ ಆಯಿತು. ಹತ್ತು ವರ್ಷದಲ್ಲಿ ಮೂರು ಸಲ ಬದಲಿಸಿದರೂ ಈಗಿನ ದರದಲ್ಲಿ 5,100. ಒಟ್ಟು 14,500 ರೂಪಾಯಿ, ರಾತ್ರಿಗೆ ಇಬ್ಬರಿಗೂ ಸೇರಿ 4 ರೂಪಾಯಿ. ಐದು ವರ್ಷಕ್ಕೆ ಕುಳಿ ಬಿದ್ದ ಹಳೆಯ ಹಾಸಿಗೆಗೆ ರಾತ್ರಿಗೆ ಹತ್ತು ರೂಪಾಯಿ ಬಿದ್ದಿತ್ತು, ಒಂದು ಸಲಕ್ಕೆ 500 ರೂಪಾಯಿಯ ಫಿಸಿಯೋಥೆರಪಿ ಬೇರೆ.

ಅಲೆದಾಡಲು ಪುರುಸೊತ್ತಿಲ್ಲದವರು ಆನ್‌ಲೈನ್‌ನಲ್ಲಿ ಕೊಂಡರೆ ತಪ್ಪಿಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್‌ನಂಥ ಕಂಪನಿಗಳು ಹಾಸಿಗೆಯನ್ನು ಒತ್ತಿ ಸುರುಳಿ ಸುತ್ತಿ ಡಬ್ಬದಲ್ಲಿ ಕಳಿಸುತ್ತವೆ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಾಳಿಗೆಗೆ, ಚಾಳಿನ ಇಕ್ಕಟ್ಟಿನ ಮೆಟ್ಟಿಲಿಗೆ ಇದು ದೊಡ್ಡ ಉಪಕಾರ. ಇಂಥ ಹಲವು ಕಡೆ 100 ರಾತ್ರಿಗಳ ಟ್ರಯಲ್ ಇರುತ್ತದೆ. ಅದನ್ನು ಪೂರ್ತಿ ಬಳಸಿಕೊಳ್ಳಿ; ಹೊಸ ಹಾಸಿಗೆಗೆ ಮೈ ಒಗ್ಗಲು ಕೆಲವು ವಾರ ಬೇಕು, ಮೊದಲ ವಾರದ ನೋವು ನೋಡಿ ತೀರ್ಮಾನಿಸಬೇಡಿ, ಕೊನೆಯ ದಿನದವರೆಗೆ ಕಾಯಲೂ ಬೇಡಿ. ವಾಪಸು ಒಯ್ಯುವ ಖರ್ಚು ಯಾರದ್ದು, ಕವರಿಗೆ ಕಲೆ ಬಿದ್ದರೆ ಏನು ಎಂಬುದನ್ನು ಮೊದಲೇ ಓದಿ. ವಾರಂಟಿ ಹತ್ತು ವರ್ಷ ಎಂದಿದ್ದರೂ ಎಷ್ಟು ಆಳ ಕುಳಿ ಬಿದ್ದರೆ ಬದಲಿಸಿ ಕೊಡುತ್ತಾರೆ ಎಂಬುದು ಸಣ್ಣಕ್ಷರದಲ್ಲಿ ಇರುತ್ತದೆ. ಮುಕ್ಕಾಲು ಇಂಚಿನ ಕುಳಿ ಎಷ್ಟೋ ವಾರಂಟಿಗಳಿಗೆ ಲೆಕ್ಕಕ್ಕಿಲ್ಲ, ಬೆನ್ನಿಗೆ ಮಾತ್ರ ಅದು ಸಾಕಷ್ಟಾಯಿತು.

ಮುಂಬಯಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಮೊರಿ ಫೋಮ್ 1966ರಲ್ಲಿ ನಾಸಾದ ಆಸನಗಳಿಗಾಗಿ ಹುಟ್ಟಿದ ವಸ್ತು. ಶಾಖಕ್ಕೆ ಮೆತ್ತಗಾಗುವುದು ಅದರ ಗುಣ. ಮೇ ತಿಂಗಳ ರಾತ್ರಿ, ಎಸಿ ಇಲ್ಲದ ಕೋಣೆಯಲ್ಲಿ ಎರಡು ಮೂರು ಇಂಚಿನ ಮೆಮೊರಿ ಫೋಮ್ ಇದ್ದರೆ ಬೆವರೂ ಬರುತ್ತದೆ, ಮೈಯೂ ಹೂತುಹೋಗುತ್ತದೆ. ನಮ್ಮಂಥವರಿಗೆ ಒಂದೇ ಇಂಚು ಸಾಕು. ಕೈಯಲ್ಲಿ ಹಣವಿದ್ದರೆ ಆ ಜಾಗಕ್ಕೆ ಲೇಟೆಕ್ಸ್ ಉತ್ತಮ. ಸಾಮಾನು ತುಂಬಲು ಪೆಟ್ಟಿಗೆಮಂಚ ಇಲ್ಲಿ ಮನೆಮನೆಯಲ್ಲೂ ಇದೆ. ಅದರ ಪ್ಲೈವುಡ್ ಮೇಲೆ ಹಾಸಿಗೆ ಹಾಕಿದರೆ ಮಳೆಗಾಲದಲ್ಲಿ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸುತಾರನನ್ನು ಕರೆದು ಪ್ಲೈಗೆ ಅಲ್ಲಲ್ಲಿ ಒಂದಿಂಚಿನ ತೂತು ಕೊರೆಸಿ. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನ್ ಹಾಕಿ. ಬಿಸಿಲಿಗೆ ಹಾಕುವುದು ಹತ್ತಿಯ ಹಾಸಿಗೆಗೆ ಸರಿ. ಫೋಮ್ ಮತ್ತು ಲೇಟೆಕ್ಸ್ ಬಿಸಿಲಿಗೆ ಪುಡಿಪುಡಿಯಾಗುತ್ತವೆ. ತಿಗಣೆಯ ಭಯದಿಂದ ಸೆಕೆಂಡ್‌ಹ್ಯಾಂಡ್ ಹಾಸಿಗೆಯ ಹತ್ತಿರವೂ ಹೋಗಬೇಡಿ, ಎಷ್ಟೇ ಅಗ್ಗವಾಗಿರಲಿ.

ಈಗ ನಾನು ಬೆಳಿಗ್ಗೆ ಮೊಣಕೈ ಊರದೆ ಏಳುತ್ತೇನೆ. ಫಿಸಿಯೋಥೆರಪಿ ಡಾಕ್ಟರು ಕಲಿಸಿದ ವ್ಯಾಯಾಮವನ್ನು ಬಿಟ್ಟಿಲ್ಲ, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಫೋಮಿಗೇ ಕೊಡಲಾರೆ. ಮೇಲಿನ ಪದರದಲ್ಲಿ ನಮ್ಮವರ ಭುಜದ ಜಾಗ ಸ್ವಲ್ಪ ತಗ್ಗಿದೆ, ಅಂಗೈಯಿಂದ ಸವರಿದರೆ ತಿಳಿಯುತ್ತದೆ. ತಂದಾಗಿನಿಂದಲೂ ತಿಂಗಳಿಗೆ 50 ರೂಪಾಯಿಯಂತೆ ಆ ಪದರಕ್ಕೆಂದೇ ಎತ್ತಿಡುತ್ತ ಬಂದಿದ್ದೇನೆ. ಮಳೆ ನಿಂತ ಮೇಲೆ, ದೀಪಾವಳಿಯ ಜನಜಂಗುಳಿ ಶುರುವಾಗುವ ಮುಂಚೆ ಉಲ್ಲಾಸನಗರಕ್ಕೆ ಹೋಗಿ, ಈ ಸಲ ಲೇಟೆಕ್ಸ್‌ನ ಕಿಲೋ ದರ ಕೇಳಬೇಕೆಂದಿದ್ದೇನೆ.